ಅಝ್‌ಹರ್‌ನ ಚಾಪೆ ಮೇಲೆ ಕೂತು ಕಲಿತ ಯಹೂದಿ ವಿದ್ಯಾರ್ಥಿ

ಮುಸ್ಲಿಂ ಸಮಾಜಗಳ ಬಗ್ಗೆ ಮಾತಾಡುವವರಿಗೆ ಇವತ್ತು ಬರವಿಲ್ಲ. ಟಿವಿ ಸ್ಟುಡಿಯೋದಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಚುನಾವಣೆ ವೇದಿಕೆಯಲ್ಲಿ ಎಲ್ಲರೂ ಪಂಡಿತರೇ. ಅರೇಬಿಕ್ ಓದಲು ಬರೋದಿಲ್ಲ, ಪರ್ಷಿಯನ್ ಗೊತ್ತಿಲ್ಲ, ಟರ್ಕಿಶ್ ಅಂದರೆ ಧಾರಾವಾಹಿ ಅಷ್ಟೇ. ಆದರೂ ಹದಿನಾಲ್ಕು ಶತಮಾನಗಳ ಇತಿಹಾಸದ ಮೇಲೆ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಹೊಗಳುವವರದ್ದೂ ಇದೇ ಕತೆ, ತೆಗಳುವವರದ್ದೂ ಇದೇ ಕತೆ.

ಇಂಥ ಹೊತ್ತಿನಲ್ಲಿ ನೆನೆಯಬೇಕಾದ ಒಬ್ಬರಿದ್ದಾರೆ. ಹೆಸರು ಇಗ್ನಾಜ್ ಗೋಲ್ಡ್‌ಜಿಹರ್. ದೇಶ ಹಂಗೇರಿ, ಧರ್ಮ ಯಹೂದಿ. 1850ರಲ್ಲಿ ಹುಟ್ಟಿ 1921ರಲ್ಲಿ ತೀರಿಕೊಂಡವರು. ಇಸ್ಲಾಮಿಕ್ ಅಧ್ಯಯನ ಅನ್ನುವ ವಿಷಯವನ್ನು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಒಂದು ಶಿಸ್ತಾಗಿ ಕಟ್ಟಿ ನಿಲ್ಲಿಸಿದವರಲ್ಲಿ ಅವರು ಮೊದಲ ಸಾಲಿನವರು. ಇವತ್ತಿಗೂ ಈ ವಿಷಯದಲ್ಲಿ ಪಿಎಚ್‌ಡಿ ಮಾಡಲು ಹೊರಟ ವಿದ್ಯಾರ್ಥಿ ಗೋಲ್ಡ್‌ಜಿಹರ್ ಅವರನ್ನು ಒಪ್ಪಬಹುದು, ಜಗಳವಾಡಬಹುದು, ಆದರೆ ಓದದೆ ದಾಟಿ ಹೋಗುವ ಹಾಗಿಲ್ಲ.

ಇಷ್ಟು ದೊಡ್ಡ ವಿದ್ವಾಂಸರಿಗೆ ಅವರದೇ ಊರಿನ ವಿಶ್ವವಿದ್ಯಾಲಯ ಸಂಬಳದ ಹುದ್ದೆ ಕೊಡಲು ಮೂವತ್ತು ವರ್ಷಕ್ಕೂ ಹೆಚ್ಚು ಸಮಯ ತೆಗೆದುಕೊಂಡಿತು. ಅಲ್ಲಿಯವರೆಗೆ ಅವರು ಹಗಲು ಗುಮಾಸ್ತಿಕೆ ಮಾಡಿದರು, ರಾತ್ರಿ ಸಂಶೋಧನೆ ಮಾಡಿದರು. ಬೇರೆಯವರ ಸಮಾಜವನ್ನು ಅರಿಯುವುದು ಹೇಗೆ, ಹಾಗೆ ಅರಿಯಲು ಬದುಕು ತೇಯುವವರನ್ನು ನಮ್ಮ ಸಮಾಜ ಹೇಗೆ ನಡೆಸಿಕೊಳ್ಳುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಈ ಬದುಕಿನಲ್ಲಿ ಉತ್ತರ ಸಿಗುತ್ತದೆ.

ಚರ್ಮದ ವ್ಯಾಪಾರಿಯ ಮಗ

ಗೋಲ್ಡ್‌ಜಿಹರ್ ಹುಟ್ಟಿದ್ದು ಹಂಗೇರಿಯ ಸೆಕೆಶ್‌ಫೆಹೆರ್ವಾರ್ ಎಂಬ ಪಟ್ಟಣದಲ್ಲಿ. ತಂದೆ ಚರ್ಮದ ವ್ಯಾಪಾರಿ. ಮನೆಯಲ್ಲಿ ದುಡ್ಡಿಗಿಂತ ಓದಿಗೆ ಬೆಲೆ ಜಾಸ್ತಿ. ಹುಡುಗ ಐದನೇ ವಯಸ್ಸಿಗೆ ಹೀಬ್ರೂ ಬೈಬಲ್ ಓದಲು ಕೂತ, ಎಂಟಕ್ಕೆ ಯಹೂದಿಗಳ ಧರ್ಮಶಾಸ್ತ್ರವಾದ ತಾಲ್ಮೂದ್ ಹಿಡಿದ. ಹನ್ನೆರಡನೇ ವಯಸ್ಸಿಗೆ ಒಂದು ಪುಟ್ಟ ಪುಸ್ತಕವನ್ನೇ ಅಚ್ಚು ಹಾಕಿಸಿದ. ಯಹೂದಿ ಪ್ರಾರ್ಥನೆಗಳು ಹೇಗೆ ಹುಟ್ಟಿದವು, ಯಾವ ಕಾಲಕ್ಕೆ ಯಾವ ಭಾಗ ಸೇರಿಕೊಂಡಿತು ಎಂಬುದು ಅದರ ವಿಷಯ. ತಾನು ದಿನವೂ ಹೇಳುವ ಪ್ರಾರ್ಥನೆಗೂ ಒಂದು ಇತಿಹಾಸ ಇದೆ ಎಂದು ಬರೆದಿದ್ದಕ್ಕೆ ಊರಿನ ಸಂಪ್ರದಾಯಸ್ಥರು ಸಿಟ್ಟಾದರು. ಮುಂದೆ ಇಸ್ಲಾಮಿನ ಗ್ರಂಥಗಳಿಗೆ ಹಾಕಿದ ಪ್ರಶ್ನೆಯನ್ನು ಅವರು ಮೊದಲು ಹಾಕಿಕೊಂಡಿದ್ದು ತಮ್ಮ ಮನೆಯ ನಂಬಿಕೆಗೇ. ಈ ಮಾತು ನೆನಪಿರಲಿ.

1865ರಲ್ಲಿ ಕುಟುಂಬ ಪೆಸ್ಟ್ ನಗರಕ್ಕೆ ಬಂತು. ಬುಡಾ ಮತ್ತು ಪೆಸ್ಟ್ ಸೇರಿ ಬುಡಾಪೆಸ್ಟ್ ಆಗಲು ಇನ್ನೂ ಎಂಟು ವರ್ಷ ಇತ್ತು. ಹದಿನಾರರ ಆಸುಪಾಸಿನ ಹುಡುಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆರ್ಮಿನ್ ವಾಂಬೆರಿ ಅವರ ಪಾಠಕ್ಕೆ ಹೋಗಿ ಕೂತ. ಟರ್ಕಿಶ್, ಪರ್ಷಿಯನ್ ಕಲಿತ. ಆ ವಯಸ್ಸಿಗೇ ಟರ್ಕಿಶ್ ಕತೆಗಳನ್ನು ಹಂಗೇರಿಯನ್ ಭಾಷೆಗೆ ತಂದ.

ವಾಂಬೆರಿ ಅವರದ್ದೂ ಒಂದು ಸಿನಿಮಾಗೆ ಆಗುವಷ್ಟು ಕತೆ. ಕಡು ಬಡತನದ ಯಹೂದಿ ಕುಟುಂಬ, ಒಂದು ಕಾಲು ಕುಂಟು, ಶಾಲೆ ಪೂರ್ತಿ ಆಗಿಲ್ಲ. ಭಾಷೆಗಳನ್ನು ಮಾತ್ರ ಕೇಳಿದರೆ ಸಾಕು, ಕಲಿತುಬಿಡುತ್ತಿದ್ದರು. ಇಸ್ತಾಂಬುಲ್‌ನಲ್ಲಿ ವರ್ಷಗಟ್ಟಲೆ ಇದ್ದು, 1863ರಲ್ಲಿ ರಶೀದ್ ಎಂಬ ಹೆಸರಿನ ದರ್ವೇಶಿಯ ವೇಷ ಹಾಕಿ ಖೀವಾ, ಬುಖಾರಾ, ಸಮರ್‌ಖಂಡ್ ಸುತ್ತಿ ಬಂದರು. ಸಿಕ್ಕಿಬಿದ್ದಿದ್ದರೆ ತಲೆ ಹೋಗುತ್ತಿತ್ತು. ಆ ಪ್ರವಾಸ ಕಥನ ಲಂಡನ್‌ನಲ್ಲಿ ಮನೆಮಾತಾಯಿತು. ಆಮೇಲೆ ಬ್ರಿಟಿಷ್ ವಿದೇಶಾಂಗ ಇಲಾಖೆಗೆ ಗುಟ್ಟಾಗಿ ಮಾಹಿತಿ ಕೊಟ್ಟು ಹಣ ಪಡೆಯುವ ಕೆಲಸವನ್ನೂ ಮಾಡಿದರು.

ಗುರು ವೇಷ ಮರೆಸಿಕೊಂಡು ಆ ಸಮಾಜಗಳ ಒಳಗೆ ಹೋಗಿದ್ದರು. ಶಿಷ್ಯ ಹಿಡಿದ ದಾರಿ ಬೇರೆ.

ಒಂದು ವಿದ್ಯಾರ್ಥಿವೇತನ ಮಾಡಿದ ಕೆಲಸ

1867ರಲ್ಲಿ ಹಂಗೇರಿಯ ಯಹೂದಿಗಳಿಗೆ ಕಾನೂನಿನ ಪ್ರಕಾರ ಸಮಾನ ಹಕ್ಕು ಸಿಕ್ಕಿತು. ಅದಕ್ಕಾಗಿ ಬಹುಕಾಲ ವಾದಿಸಿದವರಲ್ಲಿ ಆಗಿನ ಶಿಕ್ಷಣ ಮಂತ್ರಿ ಯೋಝೆಫ್ ಎಟ್ವೆಶ್ ಒಬ್ಬರು. ಸ್ವತಃ ಕಾದಂಬರಿಕಾರರು. ಅವರ ಕಣ್ಣಿಗೆ ಈ ಹುಡುಗ ಬಿದ್ದ. ದೇಶದ ವಿಶ್ವವಿದ್ಯಾಲಯಕ್ಕೆ ಮುಂದೆ ಒಬ್ಬ ಒಳ್ಳೆ ಪ್ರಾಧ್ಯಾಪಕ ಬೇಕು, ಇವನನ್ನು ತಯಾರು ಮಾಡೋಣ ಎಂದು ಸರ್ಕಾರಿ ವಿದ್ಯಾರ್ಥಿವೇತನ ಕೊಟ್ಟು 1868ರಲ್ಲಿ ಜರ್ಮನಿಗೆ ಕಳಿಸಿದರು. ಚರ್ಮದ ವ್ಯಾಪಾರಿಯ ಮಗ ಬರ್ಲಿನ್‌ಗೆ, ಅಲ್ಲಿಂದ ಲೈಪ್ಜಿಗ್‌ಗೆ ಹೋಗಲು ಸಾಧ್ಯವಾಗಿದ್ದು ಈ ಹಣದಿಂದ.

ಲೈಪ್ಜಿಗ್‌ನಲ್ಲಿ ಗೈಡ್ ಆಗಿ ಸಿಕ್ಕವರು ಹೈನ್ರಿಷ್ ಫ್ಲೈಷರ್. ಅರೇಬಿಕ್, ಪರ್ಷಿಯನ್, ಟರ್ಕಿಶ್ ಮೂರನ್ನೂ ಅರೆದು ಕುಡಿದವರು. ಅವರು ಪ್ಯಾರಿಸ್‌ನ ಸಿಲ್ವೆಸ್ತ್ರ್ ದ ಸಾಸಿ ಅವರ ಶಿಷ್ಯ. ಯುರೋಪಿನಲ್ಲಿ ಅರೇಬಿಕ್ ಪಾಠಕ್ಕೆ ಹೊಸ ಅಡಿಪಾಯ ಹಾಕಿದವರು ದ ಸಾಸಿ. ಫ್ಲೈಷರ್ ತರಗತಿಯಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳಿಗೆ ಜಾಗ ಇರಲಿಲ್ಲ. ಒಂದು ಪಠ್ಯ ಇಟ್ಟುಕೊಂಡು ಸಾಲು ಸಾಲು ಓದುವುದು. ಈ ಶಬ್ದ ಇಲ್ಲಿ ಯಾಕೆ ಬಂತು, ಹಸ್ತಪ್ರತಿಯಲ್ಲಿ ಚುಕ್ಕೆ ಒಂದು ಹೆಚ್ಚಾದರೆ ಅರ್ಥ ಏನಾಗುತ್ತದೆ, ನಕಲು ಮಾಡಿದವನು ಎಲ್ಲಿ ಎಡವಿದ್ದಾನೆ, ಇದೇ ಪಾಠ. ಬೇಸರ ಬರಿಸುವ ಕೆಲಸವೇ. ಆದರೆ ಒಂದು ಸಮಾಜ ತನ್ನ ಬಗ್ಗೆ ತಾನೇ ಏನು ಹೇಳಿಕೊಂಡಿದೆ ಅಂತ ತಿಳಿಯಬೇಕಾದರೆ ಅಡ್ಡದಾರಿ ಇಲ್ಲ ಎನ್ನುವುದನ್ನು ಗೋಲ್ಡ್‌ಜಿಹರ್ ಅಲ್ಲಿ ಕಲಿತರು.

ಪಿಎಚ್‌ಡಿ ಪ್ರಬಂಧಕ್ಕೆ ಅವರು ಆರಿಸಿಕೊಂಡಿದ್ದು ತನ್ಹೂಮ್ ಯೆರುಶಲ್ಮಿ ಎಂಬ ಹದಿಮೂರನೇ ಶತಮಾನದ ಯಹೂದಿ ವಿದ್ವಾಂಸರನ್ನು. ಹೀಬ್ರೂ ಬೈಬಲ್‌ಗೆ ಅರೇಬಿಕ್‌ನಲ್ಲಿ ವ್ಯಾಖ್ಯಾನ ಬರೆದವರು ಅವರು. ಯಹೂದಿ ಬೇರೆ, ಅರಬ್ ಬೇರೆ ಎಂದು ಗೆರೆ ಎಳೆಯುವವರಿಗೆ ಆ ಕಾಲದಲ್ಲೂ ಉತ್ತರ ಇತ್ತು ಎಂಬುದಕ್ಕೆ ಈ ಆಯ್ಕೆಯೇ ಸಾಕ್ಷಿ. ಡಾಕ್ಟರೇಟ್ ಸಿಕ್ಕಾಗ ವಯಸ್ಸು ಇಪ್ಪತ್ತರ ಹತ್ತಿರ. ಅಲ್ಲಿಂದ ಹಾಲೆಂಡಿನ ಲೈಡನ್‌ಗೆ ಹೋಗಿ ಅಲ್ಲಿನ ಪ್ರಸಿದ್ಧ ಅರೇಬಿಕ್ ಹಸ್ತಪ್ರತಿ ಸಂಗ್ರಹದಲ್ಲಿ ತಿಂಗಳುಗಟ್ಟಲೆ ಮುಳುಗಿದರು.

ಅಷ್ಟರಲ್ಲಿ ಪೆಟ್ಟು ಬಿತ್ತು. 1871ರ ಫೆಬ್ರುವರಿಯಲ್ಲಿ ಎಟ್ವೆಶ್ ತೀರಿಕೊಂಡರು. ಒಬ್ಬ ಮಂತ್ರಿಯ ಮಾತಿನ ಮೇಲೆ ನಿಂತಿದ್ದ ಭರವಸೆ ಆ ಮಂತ್ರಿಯ ಜತೆಗೇ ಹೋಯಿತು. ಪೆಸ್ಟ್‌ಗೆ ಮರಳಿದ ಗೋಲ್ಡ್‌ಜಿಹರ್‌ಗೆ 1872ರಲ್ಲಿ ಸಿಕ್ಕಿದ್ದು ಪಾಠ ಮಾಡುವ ಹಕ್ಕು ಮಾತ್ರ, ಸಂಬಳ ಇಲ್ಲ. ನಮ್ಮ ಅತಿಥಿ ಉಪನ್ಯಾಸಕರಿಗಾದರೂ ತಡವಾಗಿಯಾದರೂ ಗೌರವಧನ ಅಂತ ಒಂದಿಷ್ಟು ಬರುತ್ತದೆ. ಅವರಿಗೆ ಅದೂ ಇರಲಿಲ್ಲ.

ಕೈರೋದ ಆ ತಿಂಗಳುಗಳು

1873ರಲ್ಲಿ ಹೊಸ ಮಂತ್ರಿ ಒಂದು ಪ್ರವಾಸಕ್ಕೆ ಹಣ ಕೊಟ್ಟರು. ಆಡುಮಾತಿನ ಅರೇಬಿಕ್ ಕಲಿಯಲಿ, ಕಚೇರಿ ವ್ಯವಹಾರದ ಅರೇಬಿಕ್ ಕಲಿಯಲಿ ಎಂಬುದು ಸರ್ಕಾರದ ಲೆಕ್ಕಾಚಾರ. ಗೋಲ್ಡ್‌ಜಿಹರ್ ತಲೆಯಲ್ಲಿದ್ದುದು ಬೇರೆ. ಇಸ್ತಾಂಬುಲ್, ಬೈರೂತ್ ದಾಟಿ ಡಮಾಸ್ಕಸ್‌ಗೆ ಬಂದರು. ಅಲ್ಲಿ ಪುಸ್ತಕದ ಅಂಗಡಿಗಳಲ್ಲಿ, ವಿದ್ವಾಂಸರ ಮನೆಗಳಲ್ಲಿ ಕೂತು ಹರಟಿದರು. ತಮ್ಮ ಜೀವನದ ಅತಿ ಒಳ್ಳೆಯ ದಿನಗಳು ಅವು ಎಂದು ಮುಂದೆ ಅವರೇ ನೆನೆದುಕೊಂಡಿದ್ದಾರೆ. ಜೆರುಸಲೇಂ ನೋಡಿಕೊಂಡು ಕೈರೋ ತಲುಪಿದರು.

ಕೈರೋದಲ್ಲಿ ಅಲ್ ಅಝ್‌ಹರ್ ಇದೆ. ಹತ್ತನೇ ಶತಮಾನದಲ್ಲಿ ಕಟ್ಟಿದ ಮಸೀದಿ, ಅದರೊಳಗೇ ಬೆಳೆದ ವಿದ್ಯಾಪೀಠ. ಕಂಬಕ್ಕೆ ಒರಗಿ ಗುರು ಕೂರುತ್ತಾರೆ, ಸುತ್ತ ಚಾಪೆ ಮೇಲೆ ವಿದ್ಯಾರ್ಥಿಗಳು. ಮುಸ್ಲಿಮೇತರರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಯುರೋಪಿಯನ್ನರು ಹೊರಗಿನಿಂದ ನೋಡಿ ಬರೆಯುತ್ತಿದ್ದರು, ಇಲ್ಲವೇ ಯಾರನ್ನಾದರೂ ಕೇಳಿ ಬರೆಯುತ್ತಿದ್ದರು.

ಈಜಿಪ್ಟಿನ ಮಂತ್ರಿ ರಿಯಾದ್ ಪಾಷಾ ಈ ತರುಣನ ಅರೇಬಿಕ್ ಕೇಳಿ ಮೆಚ್ಚಿಕೊಂಡರು. ಕೆಲಸ ಕೊಡಲು ಮುಂದೆ ಬಂದರು. ಗೋಲ್ಡ್‌ಜಿಹರ್ ಕೆಲಸ ಬೇಡ ಎಂದರು. ಅಝ್‌ಹರ್‌ನಲ್ಲಿ ಎಲ್ಲರಂತೆ ವಿದ್ಯಾರ್ಥಿಯಾಗಿ ಕೂರಲು ಶಿಫಾರಸು ಕೊಟ್ಟರೆ ಸಾಕು ಎಂದು ಕೇಳಿಕೊಂಡರು. ಅಝ್‌ಹರ್‌ನ ಮುಖ್ಯಸ್ಥರಾಗಿದ್ದ ಶೇಖ್ ಮುಹಮ್ಮದ್ ಅಲ್ ಅಬ್ಬಾಸಿ ಅವರನ್ನು ಕರೆಸಿ ಮಾತಾಡಿಸಿ, ಪರೀಕ್ಷಿಸಿ, ಕೊನೆಗೆ ಒಪ್ಪಿದರು. ಹೀಗೆ ಹಂಗೇರಿಯ ಒಬ್ಬ ಯಹೂದಿ, ಮುಸ್ಲಿಂ ಎಂದು ಸುಳ್ಳು ಹೇಳದೆ, ಅನುಮತಿ ಪಡೆದು ಅಝ್‌ಹರ್‌ನ ವಿದ್ಯಾರ್ಥಿಯಾದರು. ಯುರೋಪಿನಿಂದ ಹಾಗೆ ಸೇರಿದ ಮೊದಲ ಮುಸ್ಲಿಮೇತರ ಅವರೇ ಎನ್ನಲಾಗುತ್ತದೆ.

ಗುರು ವಾಂಬೆರಿಗೂ ಇವರಿಗೂ ಇರುವ ವ್ಯತ್ಯಾಸ ಇಲ್ಲೇ ಕಾಣುತ್ತದೆ. ವೇಷ ಹಾಕಿ ಹೋದವನಿಗೆ ದಾರಿ ಕಾಣುತ್ತದೆ, ಊರು ಕಾಣುತ್ತದೆ, ಸಾಹಸದ ಕತೆ ಸಿಗುತ್ತದೆ. ಆದರೆ ಸಿಕ್ಕಿಬೀಳುವ ಭಯದಲ್ಲಿ ಅವನು ಪ್ರಶ್ನೆ ಕೇಳುವ ಹಾಗಿಲ್ಲ. ವಿದ್ಯಾರ್ಥಿ ಕೇಳಬಹುದು. ಧರ್ಮಶಾಸ್ತ್ರದ ಒಂದು ನಿಯಮ ಹೀಗೇಕೆ ಎಂದು ಕೇಳಿದರೆ ಗುರು ನಾಲ್ಕು ಬಗೆಯ ಅಭಿಪ್ರಾಯ ಹೇಳುತ್ತಾರೆ. ಪಕ್ಕದ ಹುಡುಗ ಐದನೆಯದನ್ನು ಹೇಳುತ್ತಾನೆ. ಹೊರಗಿನಿಂದ ಒಂದೇ ಬಂಡೆಯ ಹಾಗೆ ಕಾಣುವ ಸಂಪ್ರದಾಯದ ಒಳಗೆ ಎಷ್ಟು ತಕರಾರು, ಎಷ್ಟು ತರ್ಕ ಇದೆ ಎನ್ನುವುದು ಆ ಚಾಪೆ ಮೇಲೆ ಕೂತವರಿಗೆ ಮಾತ್ರ ಗೊತ್ತಾಗುತ್ತದೆ.

ಹಾಗಂತ ಅವರು ಬರೀ ದೂರ ನಿಂತು ನೋಡುವವರಾಗಿ ಉಳಿಯಲೂ ಇಲ್ಲ. ಸ್ಥಳೀಯರ ಉಡುಪು ತೊಟ್ಟು, ಗೆಳೆಯರೊಬ್ಬರ ನೆರವಿನಿಂದ ಕೈರೋದಲ್ಲಿ ಒಂದು ಶುಕ್ರವಾರದ ನಮಾಜಿನಲ್ಲಿ ಸಾವಿರಾರು ಜನರ ನಡುವೆ ಹಣೆ ನೆಲಕ್ಕೆ ತಾಗಿಸಿದರು. ಅಷ್ಟು ಭಕ್ತಿ ತಮಗೆ ಜೀವನದಲ್ಲಿ ಇನ್ನೆಂದೂ ಉಕ್ಕಿರಲಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡರು. ಆ ಒಂದು ದಿನ ಮಾತ್ರ ಅವರೂ ಉಡುಪಿನ ಮರೆ ಹಿಡಿದರು ಅನ್ನಿ. ಆದರೆ ಅದನ್ನು ಸಾಹಸ ಕಥೆ ಮಾಡಿ ಮಾರಲಿಲ್ಲ. ಇಸ್ಲಾಂ ಮೇಲೆ ಅಷ್ಟು ಗೌರವ ಇದ್ದರೂ ಮತಾಂತರ ಆಗಲಿಲ್ಲ, ಕೊನೆ ಉಸಿರಿನವರೆಗೂ ಯಹೂದಿಯಾಗಿಯೇ ಉಳಿದರು.

ಅದು ಈಜಿಪ್ಟ್ ಸಾಲದಲ್ಲಿ ಮುಳುಗುತ್ತಿದ್ದ ಕಾಲ. ಯುರೋಪಿನ ಸಾಲಗಾರರು, ಸಲಹೆಗಾರರು ಕೈರೋದಲ್ಲಿ ತುಂಬಿಕೊಂಡಿದ್ದರು. ಇನ್ನು ಎಂಟು ವರ್ಷಕ್ಕೆ, 1882ರಲ್ಲಿ, ಬ್ರಿಟಿಷ್ ಸೇನೆಯೇ ಬಂದಿಳಿಯಿತು. ಗೋಲ್ಡ್‌ಜಿಹರ್ ಯುರೋಪಿಯನ್ನರ ಕೂಟಗಳಿಂದ ದೂರ ಇದ್ದರು. ಅಲ್ಲಿಯೇ ಅವರಿಗೆ ಜಮಾಲುದ್ದೀನ್ ಅಫ್ಘಾನಿ ಪರಿಚಯವಾದರು. ಯುರೋಪಿನ ಯಜಮಾನಿಕೆಗೆ ಎದುರಾಗಿ ಮುಸ್ಲಿಂ ಜಗತ್ತು ಎದ್ದು ನಿಲ್ಲಬೇಕು ಎಂದು ಊರೂರು ಸುತ್ತಿದ ಚಿಂತಕ ಅಫ್ಘಾನಿ. ಯುರೋಪಿನ ಆರ್ಥಿಕ ದಬ್ಬಾಳಿಕೆ ಬಗ್ಗೆ ಗೋಲ್ಡ್‌ಜಿಹರ್‌ಗೂ ಅಸಮಾಧಾನ ಇತ್ತು. ಆ ಕಾಲದ ಎಲ್ಲ ಪೌರ್ವಾತ್ಯ ಅಧ್ಯಯನವನ್ನೂ ಸಾಮ್ರಾಜ್ಯದ ಬಾಲಂಗೋಚಿ ಎಂದು ತಳ್ಳಿಹಾಕುವ ಮೊದಲು ಈ ಸಂಗತಿಯನ್ನೂ ಗಮನಿಸಬೇಕು.

ಮೂವತ್ತು ವರ್ಷದ ಗುಮಾಸ್ತಿಕೆ

1874ರ ವಸಂತದಲ್ಲಿ ಊರಿಗೆ ಮರಳಿದರು. ಸ್ವಲ್ಪ ದಿನಕ್ಕೇ ತಂದೆ ತೀರಿಕೊಂಡರು. ಮನೆ ಭಾರ ಹೆಗಲಿಗೆ ಬಂತು. ತಮಗೆ ಸಿಗುತ್ತದೆ ಎಂದುಕೊಂಡಿದ್ದ ಸೆಮಿಟಿಕ್ ಭಾಷೆಗಳ ಪೀಠ ಅಷ್ಟರಲ್ಲಿ ಪೀಟರ್ ಹಟಾಲಾ ಎಂಬುವರ ಪಾಲಾಗಿತ್ತು. ಅವರು ಮೊದಲು ಕ್ಯಾಥೊಲಿಕ್ ದೇವತಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ವತ್ತಿನಲ್ಲಿ ಗೋಲ್ಡ್‌ಜಿಹರ್ ಹತ್ತಿರಕ್ಕೂ ಬರುವವರಲ್ಲ.

ಕಾನೂನು ಸಮಾನತೆ ಕೊಟ್ಟಿತ್ತು, ನೇಮಕಾತಿ ಸಮಿತಿ ಕೊಡಲಿಲ್ಲ. ಮತಾಂತರವಾಗಿ ಬ್ಯಾಪ್ಟಿಸಂ ಪಡೆದುಬಿಟ್ಟರೆ ದಾರಿ ಸುಲಭ ಆಗುತ್ತಿತ್ತು. ಆ ಕಾಲದ ಹಲವು ಯಹೂದಿ ಬುದ್ಧಿವಂತರು ಆ ದಾರಿ ಹಿಡಿದೂ ಇದ್ದರು. ಗೋಲ್ಡ್‌ಜಿಹರ್ ಅದಕ್ಕೆ ಒಪ್ಪಲಿಲ್ಲ.

1876ರಲ್ಲಿ ಹೊಟ್ಟೆಪಾಡಿಗಾಗಿ ಪೆಸ್ಟ್‌ನ ಸುಧಾರಣಾವಾದಿ ಯಹೂದಿ ಸಮುದಾಯದ ಕಾರ್ಯದರ್ಶಿ ಹುದ್ದೆಗೆ ಸೇರಿದರು. ಹೆಸರಿಗೆ ಕಾರ್ಯದರ್ಶಿ, ಕೆಲಸ ಗುಮಾಸ್ತರದ್ದು. ಪತ್ರ ಬರೆಯುವುದು, ಸಭೆಯ ನಡಾವಳಿ ಬರೆಯುವುದು, ಲೆಕ್ಕ ನೋಡುವುದು, ಸಮುದಾಯದ ಶ್ರೀಮಂತ ಮುಖಂಡರು ಹೇಳಿದ್ದಕ್ಕೆಲ್ಲ ತಲೆ ಆಡಿಸುವುದು. ಹೀಗೆ 1905ರವರೆಗೆ, ಸುಮಾರು ಮೂವತ್ತು ವರ್ಷ. ಹೊರಗಿನವರು ಯಹೂದಿ ಎಂದು ದೂರ ಇಟ್ಟರೆ, ಒಳಗಿನವರು ಆಳಿನ ಹಾಗೆ ನಡೆಸಿಕೊಂಡರು ಎಂಬ ನೋವು ಅವರ ದಿನಚರಿಯ ಪುಟ ಪುಟದಲ್ಲೂ ಇದೆ.

ಆ ದಿನಚರಿಯನ್ನು ಅವರು ಬರೆಯಲು ಶುರು ಮಾಡಿದ್ದು 1890ರಲ್ಲಿ, ನಲವತ್ತು ತುಂಬಿದಾಗ. ಅದು ಅಚ್ಚಾಗಿದ್ದು 1978ರಲ್ಲಿ. ಓದಿದವರು ಬೆಚ್ಚಿಬಿದ್ದರು. ಸೌಮ್ಯ ವಿದ್ವಾಂಸ ಎಂದು ಜಗತ್ತು ಕೊಂಡಾಡಿದ ಮನುಷ್ಯನೊಳಗೆ ಇಷ್ಟು ಕಹಿ ತುಂಬಿತ್ತೇ ಅಂತ. ಗುರು ವಾಂಬೆರಿಯೂ ಸೇರಿದಂತೆ ಯಾರನ್ನೂ ಅವರು ಬಿಟ್ಟಿಲ್ಲ. ಕೆಲವು ಕಡೆ ಅನ್ಯಾಯವಾಗಿಯೂ ಬೈದಿದ್ದಾರೆ. ದಿನಚರಿಯ ಮಾತನ್ನೆಲ್ಲ ಹಾಗೆ ಹಾಗೇ ನಂಬಬೇಕಿಲ್ಲ. ಆದರೆ ಪ್ರತಿಭೆ ಇದ್ದೂ ವರ್ಷಗಟ್ಟಲೆ ಬಾಗಿಲ ಹೊರಗೆ ಕಾಯುವವರ ಮನಸ್ಸು ಏನಾಗುತ್ತದೆ ಎನ್ನುವುದಕ್ಕೆ ಅದೊಂದು ದಾಖಲೆ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಅದು ಅರ್ಥವಾಗದ ಭಾಷೆಯೇನಲ್ಲ.

ರಾತ್ರಿ ಹುಟ್ಟಿದ ಪುಸ್ತಕಗಳು

ಆಶ್ಚರ್ಯ ಏನೆಂದರೆ ಅವರ ದೊಡ್ಡ ಪುಸ್ತಕಗಳಲ್ಲಿ ಹಲವು ಹುಟ್ಟಿದ್ದು ಈ ಗುಮಾಸ್ತಿಕೆಯ ವರ್ಷಗಳಲ್ಲೇ. ಆಫೀಸು ಮುಗಿಸಿ ಬಂದು ರಾತ್ರಿ ಕೂರುತ್ತಿದ್ದರು. ರಜೆಯ ಕೆಲವೇ ವಾರಗಳಲ್ಲಿ ಬರೆದು ಮುಗಿಸುತ್ತಿದ್ದರು.

1876ರಲ್ಲಿ ಬಂದ ಪುಸ್ತಕ ಪ್ರಾಚೀನ ಹೀಬ್ರೂಗಳ ಪುರಾಣಗಳ ಬಗ್ಗೆ. ಸೆಮಿಟಿಕ್ ಜನರಿಗೆ ಪುರಾಣ ಕಲ್ಪಿಸುವ ಶಕ್ತಿಯೇ ಇಲ್ಲ, ಅದು ಆರ್ಯರ ಗುಣ ಎಂದು ಫ್ರಾನ್ಸಿನ ಅರ್ನೆಸ್ಟ್ ರೆನಾನ್ ಪ್ರಚಾರ ಮಾಡಿದ್ದರು. ಜನಾಂಗ ನೋಡಿ ಬುದ್ಧಿ ಅಳೆಯುವ ಈ ವಾದ ಆಗ ಯುರೋಪಿನ ವಿದ್ವತ್ ವಲಯದಲ್ಲಿ ಬಹಳ ಜನಪ್ರಿಯ. ಗೋಲ್ಡ್‌ಜಿಹರ್ ಅದರ ಬುಡಕ್ಕೇ ಕೈ ಹಾಕಿದರು. ಆ ಪುಸ್ತಕದ ಎಲ್ಲ ವಾದಗಳೂ ಇವತ್ತು ನಿಲ್ಲುವುದಿಲ್ಲ. ಆದರೆ ಜನಾಂಗದ ಹೆಸರಲ್ಲಿ ಯಾವ ಸಮಾಜಕ್ಕೂ ಬೇಲಿ ಹಾಕಬಾರದು ಎಂಬ ನಿಲುವು ನಿಲ್ಲುತ್ತದೆ.

1884ರಲ್ಲಿ ಝಾಹಿರಿ ಪಂಥದ ಬಗ್ಗೆ ಬರೆದರು. ಧರ್ಮಗ್ರಂಥದ ಶಬ್ದಕ್ಕೆ ಮೇಲ್ನೋಟಕ್ಕೆ ಏನು ಅರ್ಥವೋ ಅಷ್ಟನ್ನೇ ತೆಗೆದುಕೊಳ್ಳಬೇಕು, ಅದರಾಚೆ ಊಹೆ ಮಾಡಬಾರದು ಎಂದ ಒಂದು ಕಾನೂನು ಪಂಥ ಅದು. ಅದರ ಕತೆ ಹೇಳುತ್ತಲೇ ಇಸ್ಲಾಮಿಕ್ ಕಾನೂನು ಹೇಗೆ ವಾದ ವಿವಾದಗಳ ನಡುವೆ ಬೆಳೆಯಿತು ಎಂದು ತೋರಿಸಿದರು.

ಅವರ ಹೆಸರು ನಿಂತಿರುವುದು 1889 ಮತ್ತು 1890ರಲ್ಲಿ ಎರಡು ಸಂಪುಟಗಳಾಗಿ ಬಂದ ಮುಸ್ಲಿಂ ಅಧ್ಯಯನಗಳ ಮೇಲೆ. ಮೊದಲ ಸಂಪುಟದಲ್ಲಿ ಅರಬರಿಗೂ ಅರಬರಲ್ಲದವರಿಗೂ ನಡೆದ ಜಗ್ಗಾಟ ಇದೆ. ಇಸ್ಲಾಂ ಎಲ್ಲರೂ ಸಮಾನ ಎಂದಿತು. ಆದರೆ ಇಸ್ಲಾಂ ಸ್ವೀಕರಿಸಿದ ಪರ್ಷಿಯನ್ನರನ್ನು ಅರಬ್ ಕುಲಗಳು ಸುಲಭಕ್ಕೆ ಸಮಾನರಾಗಿ ಕಾಣಲಿಲ್ಲ. ಆಗ ಪರ್ಷಿಯನ್ ಮೂಲದ ಲೇಖಕರು, ಅದೂ ಅರೇಬಿಕ್ ಭಾಷೆಯಲ್ಲೇ, ನಾವೇನು ನಿಮಗಿಂತ ಕಮ್ಮಿ ಎಂದು ಕೇಳಿದರು. ಶುಊಬಿಯ್ಯಾ ಎಂದು ಹೆಸರಾದ ಆ ಚಳವಳಿಯನ್ನು ಗೋಲ್ಡ್‌ಜಿಹರ್ ಮೂಲ ಪಠ್ಯಗಳಿಂದ ಹೆಕ್ಕಿ ಮುಂದಿಟ್ಟರು. ಒಂದು ದೊಡ್ಡ ಭಾಷೆಯ ಯಜಮಾನಿಕೆ ಎದುರು ಸ್ವಾಭಿಮಾನದ ಮಾತೆತ್ತುವುದು ಏನೆಂದು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ಎರಡನೇ ಸಂಪುಟದ ಬಹುಪಾಲು ಹದೀಸ್‌ಗಳ ಬಗ್ಗೆ, ಅಂದರೆ ಪ್ರವಾದಿ ಮುಹಮ್ಮದ್ ಅವರ ಮಾತು ಮತ್ತು ನಡೆಯ ಕುರಿತ ವರದಿಗಳ ಬಗ್ಗೆ. ಅನೇಕ ಹದೀಸ್‌ಗಳು ಪ್ರವಾದಿಯವರ ಕಾಲಕ್ಕಿಂತ, ಆಮೇಲಿನ ಒಂದೆರಡು ಶತಮಾನಗಳ ರಾಜಕೀಯ ಮತ್ತು ಧಾರ್ಮಿಕ ಜಗಳಗಳನ್ನು ಹೇಳುತ್ತವೆ ಎಂಬುದು ಅವರ ವಾದ. ಕಟ್ಟುಕತೆಯ ಹದೀಸ್‌ಗಳಿವೆ ಎಂದು ಮುಸ್ಲಿಂ ವಿದ್ವಾಂಸರೂ ಶತಮಾನಗಳ ಹಿಂದೆಯೇ ಒಪ್ಪಿ, ಜರಡಿ ಹಿಡಿದು ಬೇರ್ಪಡಿಸಿದ್ದರು. ಗೋಲ್ಡ್‌ಜಿಹರ್ ಅದಕ್ಕಿಂತ ಮುಂದೆ ಹೋಗಿ, ಜರಡಿಯಲ್ಲಿ ಉಳಿದವುಗಳನ್ನೂ ಪ್ರಶ್ನಿಸಿದರು. ಅದೇ ಸಂಪುಟದಲ್ಲಿ ಸೂಫಿ ಸಂತರ ಆರಾಧನೆ ಬಗ್ಗೆಯೂ ಒಂದು ಅಧ್ಯಾಯ ಇದೆ. ಊರೂರಿನ ಹಳೆಯ ನಂಬಿಕೆಗಳು ಸಂತರ ಗೋರಿಗಳ ಸುತ್ತ ಹೇಗೆ ಹೊಸ ಜೀವ ಪಡೆದವು ಎನ್ನುವ ಚರ್ಚೆ ಅದು. ಕಲಬುರಗಿಯ ಬಂದೇ ನವಾಜ್ ದರ್ಗಾದ ಉರುಸು ನೋಡಿದವರಿಗೆ ಆ ಚರ್ಚೆ ಬೇಗ ಹತ್ತಿರವಾಗುತ್ತದೆ.

1889ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ಪೌರ್ವಾತ್ಯ ವಿದ್ವಾಂಸರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಸ್ವೀಡನ್ನಿನ ದೊರೆ ಅವರಿಗೆ ಚಿನ್ನದ ಪದಕ ಕೊಟ್ಟರು. 1894ರಲ್ಲಿ ಕೇಂಬ್ರಿಡ್ಜ್‌ನ ಅರೇಬಿಕ್ ಪ್ರಾಧ್ಯಾಪಕ ರಾಬರ್ಟ್‌ಸನ್ ಸ್ಮಿತ್ ತೀರಿಕೊಂಡಾಗ ಆ ಪೀಠಕ್ಕೆ ಕರೆ ಬಂತು. ಬೇರೆ ಕಡೆಗಳಿಂದಲೂ ಕರೆ ಬಂದವು. ಒಂದಕ್ಕೂ ಹೋಗಲಿಲ್ಲ. ಕುಟುಂಬದ ಜವಾಬ್ದಾರಿ ಒಂದು ಕಡೆ, ಹಂಗೇರಿಯ ಮೇಲಿನ ಮೋಹ ಇನ್ನೊಂದು ಕಡೆ. ತಮ್ಮನ್ನು ಒಪ್ಪದ ದೇಶವನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. 1900ರಲ್ಲಿ ಹಿರಿಯ ಮಗ ಆತ್ಮಹತ್ಯೆ ಮಾಡಿಕೊಂಡ. ಆ ದುಃಖದಿಂದ ಅವರು ಪೂರ್ತಿ ಹೊರಬರಲೇ ಇಲ್ಲ.

ಕೊನೆಗೆ 1905ರಲ್ಲಿ, ಐವತ್ತೈದನೇ ವಯಸ್ಸಿಗೆ, ಬುಡಾಪೆಸ್ಟ್ ವಿಶ್ವವಿದ್ಯಾಲಯ ಅವರನ್ನು ಸಂಬಳದ ಪೂರ್ಣ ಪ್ರಾಧ್ಯಾಪಕರನ್ನಾಗಿ ಮಾಡಿತು. ಗುಮಾಸ್ತಿಕೆ ಮುಗಿಯಿತು. 1910ರಲ್ಲಿ ಇಸ್ಲಾಂ ಕುರಿತ ಉಪನ್ಯಾಸಗಳು ಪುಸ್ತಕವಾದವು. 1920ರಲ್ಲಿ ಕುರ್‌ಆನ್ ವ್ಯಾಖ್ಯಾನಗಳ ಇತಿಹಾಸ ಬಂತು. ಬೇರೆ ಸಂಸ್ಕೃತಿಗಳಿಂದ ಪಡೆದದ್ದನ್ನು ಅರಗಿಸಿಕೊಂಡು ತನ್ನದಾಗಿ ಮಾಡಿಕೊಂಡದ್ದು ಇಸ್ಲಾಮಿನ ಶಕ್ತಿಯೇ ಹೊರತು ದೌರ್ಬಲ್ಯ ಅಲ್ಲ ಎಂಬ ಮಾತನ್ನು ಅವರು ಮತ್ತೆ ಮತ್ತೆ ಹೇಳಿದರು.

1920ರಲ್ಲೇ ಹಂಗೇರಿ ಇನ್ನೊಂದು ಕಾನೂನು ತಂದಿತು. ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಕಾನೂನು ಅದು. ಐವತ್ತು ವರ್ಷಗಳ ಹಿಂದೆ ಹದಿನಾರರ ಒಬ್ಬ ಹುಡುಗ ಯಾವ ಬಾಗಿಲಿಂದ ಒಳಗೆ ಬಂದಿದ್ದನೋ ಆ ಬಾಗಿಲನ್ನು ಮುಚ್ಚುವುದನ್ನು ಗೋಲ್ಡ್‌ಜಿಹರ್ ಕಣ್ಣಾರೆ ನೋಡಬೇಕಾಯಿತು. 1921ರ ನವೆಂಬರ್ 13ರಂದು ತೀರಿಕೊಂಡರು.

ಜಗಳವೂ ಒಂದು ಉತ್ತರಾಧಿಕಾರ

ಅವರು ಬಿಟ್ಟು ಹೋದ ಪತ್ರಗಳೇ 13,000ಕ್ಕೂ ಹೆಚ್ಚು. ಬುಡಾಪೆಸ್ಟ್‌ನ ವಿಜ್ಞಾನ ಅಕಾಡೆಮಿಯಲ್ಲಿವೆ. ಸುಮಾರು 6,000 ಸಂಪುಟಗಳ ಅವರ ಗ್ರಂಥ ಭಂಡಾರ 1920ರ ದಶಕದಲ್ಲಿ ಜೆರುಸಲೇಂಗೆ ಹೋಯಿತು, ಈಗ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅರಬರ ಜೊತೆ ಕೂತು ಕಲಿತವರ ಪುಸ್ತಕಗಳು ಈಗ ಯಹೂದಿಗಳಿಗೂ ಅರಬರಿಗೂ ಎಂದೂ ಮುಗಿಯದ ಜಗಳ ನಡೆಯುತ್ತಿರುವ ಊರಿನಲ್ಲಿವೆ.

ಅವರ ವಾದಗಳಿಗೆ ಉತ್ತರ ಬರದೆ ಇರಲಿಲ್ಲ. 1930ರ ದಶಕದ ಕೊನೆಗೆ ಅಝ್‌ಹರ್‌ನಲ್ಲೇ, ಜರ್ಮನಿಯಲ್ಲಿ ಓದಿ ಬಂದ ಅಧ್ಯಾಪಕರೊಬ್ಬರು ಗೋಲ್ಡ್‌ಜಿಹರ್ ಪುಸ್ತಕ ಆಧರಿಸಿ ಪಾಠ ಮಾಡಿದಾಗ ಸಿರಿಯಾದ ವಿದ್ಯಾರ್ಥಿ ಮುಸ್ತಫಾ ಸಿಬಾಯಿ ಎದ್ದು ತಕರಾರು ತೆಗೆದರು. ಮುಂದೆ ಅವರೇ ವಿವರವಾದ ಖಂಡನೆ ಬರೆದರು. ಉತ್ತರ ಪ್ರದೇಶದ ಮಊ ಪಟ್ಟಣದವರಾದ ಮುಹಮ್ಮದ್ ಮುಸ್ತಫಾ ಆಝಮಿ ದೇವಬಂದ್ ಮತ್ತು ಅಝ್‌ಹರ್ ಎರಡರಲ್ಲೂ ಓದಿ, 1966ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ಹದೀಸ್‌ಗಳನ್ನು ಬರೆದಿಡುವ ಪದ್ಧತಿ ಗೋಲ್ಡ್‌ಜಿಹರ್ ತಿಳಿದಿದ್ದಕ್ಕಿಂತ ಬಹಳ ಹಿಂದಿನದು ಎಂಬುದು ಅವರ ಪ್ರಬಂಧದ ವಾದ. ಟರ್ಕಿಯ ಫುಆತ್ ಸೆಝ್ಗಿನ್ ಕೂಡ ಹಸ್ತಪ್ರತಿಗಳನ್ನು ಮುಂದಿಟ್ಟು ಅದೇ ದಿಕ್ಕಿನಲ್ಲಿ ವಾದಿಸಿದರು. ಇತ್ತ 1946ರಲ್ಲಿ ಅಝ್‌ಹರ್‌ನ ವಿದ್ವಾಂಸರು ಸೇರಿಯೇ ಗೋಲ್ಡ್‌ಜಿಹರ್ ಉಪನ್ಯಾಸಗಳನ್ನು ಅರೇಬಿಕ್‌ಗೆ ತಂದರು, ಒಪ್ಪದ ಕಡೆ ತಮ್ಮ ಟಿಪ್ಪಣಿ ಸೇರಿಸಿದರು.

ಗಮನಿಸಿ, ಇಲ್ಲಿ ಯಾರೂ ಪುಸ್ತಕ ಸುಡಿ ಎಂದು ಹೇಳಿ ಸುಮ್ಮನಾಗಲಿಲ್ಲ. ಓದಿದರು, ಮೂಲ ಹಸ್ತಪ್ರತಿಗೆ ಹೋದರು, ಸಾಕ್ಷ್ಯ ಇಟ್ಟು ಉತ್ತರ ಕೊಟ್ಟರು. ಅವರು ಉತ್ತರ ಕೊಡಲು ಸಾಧ್ಯವಾಗಿದ್ದೂ ಗೋಲ್ಡ್‌ಜಿಹರ್ ಬಳಸಿದ ಮೂಲಗಳು ಅವರಿಗೂ ತೆರೆದಿದ್ದರಿಂದ, ಆ ಭಾಷೆಗಳು ಬರುತ್ತಿದ್ದರಿಂದ.

1978ರಲ್ಲೇ ಎಡ್ವರ್ಡ್ ಸೈದ್ ಅವರ ಓರಿಯಂಟಲಿಸಂ ಪುಸ್ತಕವೂ ಬಂತು. ಪೂರ್ವದ ಬಗ್ಗೆ ಪಶ್ಚಿಮ ಕಟ್ಟಿದ ಜ್ಞಾನಕ್ಕೂ ಅದರ ಅಧಿಕಾರಕ್ಕೂ ಇರುವ ನಂಟನ್ನು ಅದು ಬಯಲಿಗೆಳೆಯಿತು. ಅದು ಬೇಕಿದ್ದ ಪುಸ್ತಕ. ಆದರೆ ಜರ್ಮನ್ ಭಾಷೆಯಲ್ಲಿ ಬರೆದ ವಿದ್ವಾಂಸರಿಗೆ ಅಲ್ಲಿ ಸಿಕ್ಕ ಜಾಗ ಕಡಿಮೆ. ವಸಾಹತು ಆಳದ ಒಂದು ದೇಶದ, ತನ್ನ ದೇಶದಲ್ಲೇ ಅಂಚಿಗೆ ತಳ್ಳಲ್ಪಟ್ಟ ಒಬ್ಬ ಯಹೂದಿ ಆ ಚೌಕಟ್ಟಿಗೆ ಸುಲಭವಾಗಿ ಹೊಂದುವುದಿಲ್ಲ.

ನಮ್ಮ ಮನೆಯ ಪರ್ಷಿಯನ್

ಈ ಕತೆಗೆ ಭಾರತದ ಒಂದು ಎಳೆಯೂ ಇದೆ. ವಾಂಬೆರಿ ಮತ್ತು ಗೋಲ್ಡ್‌ಜಿಹರ್ ಇಬ್ಬರ ಬಳಿಯೂ ಓದಿದ ಗ್ಯುಲಾ ಗೆರ್ಮಾನುಶ್, ಟ್ಯಾಗೋರರ ಆಹ್ವಾನದ ಮೇಲೆ 1929ರಲ್ಲಿ ಶಾಂತಿನಿಕೇತನಕ್ಕೆ ಬಂದರು. ಹೈದರಾಬಾದ್ ನಿಜಾಮರ ದೇಣಿಗೆಯಿಂದ ಅಲ್ಲಿ ಇಸ್ಲಾಮಿಕ್ ಅಧ್ಯಯನ ಪೀಠ ಆಗಿತ್ತು, ಅದರಲ್ಲಿ ಪಾಠ ಮಾಡಿದರು. ಭಾರತದಲ್ಲಿದ್ದಾಗಲೇ ಇಸ್ಲಾಂ ಸ್ವೀಕರಿಸಿ ಅಬ್ದುಲ್ ಕರೀಂ ಆದರು. ಆಗಿನ ನಿಜಾಮ್ ರಾಜ್ಯದಲ್ಲಿ ನಮ್ಮ ಬೀದರ್, ಕಲಬುರಗಿ, ರಾಯಚೂರು ಕೂಡ ಇದ್ದವು. ಅಂದರೆ ಆ ಪೀಠಕ್ಕೆ ಹೋದ ಹಣದಲ್ಲಿ ಈ ನೆಲದ ಕಂದಾಯದ ಪಾಲೂ ಇತ್ತು.

ಅರಬ್, ಪರ್ಷಿಯನ್, ಟರ್ಕಿಶ್ ಜಗತ್ತು ಕರ್ನಾಟಕಕ್ಕೆ ದೂರದ್ದೇನಲ್ಲ. ಬೀದರ್‌ನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನ್‌ನಿಂದ ಬಂದವರು. ಬಹಮನಿ ರಾಜ್ಯದ ಪರವಾಗಿ ಅವರು ಬರೆದ ಪರ್ಷಿಯನ್ ಪತ್ರಗಳು ತುರ್ಕರ ಸುಲ್ತಾನನವರೆಗೂ ಹೋದವು. ವಿಜಯಪುರದ ಆದಿಲ್‌ಶಾಹಿಗಳ ಚರಿತ್ರೆಯ ದೊಡ್ಡ ಪಾಲು ಪರ್ಷಿಯನ್ ಗ್ರಂಥಗಳಲ್ಲಿದೆ. ಟಿಪ್ಪು ಸುಲ್ತಾನರ ಗ್ರಂಥಾಲಯವನ್ನು 1799ರ ನಂತರ ಈಸ್ಟ್ ಇಂಡಿಯಾ ಕಂಪನಿ ಹೊತ್ತುಕೊಂಡು ಹೋಯಿತು. ಚಾರ್ಲ್ಸ್ ಸ್ಟೂವರ್ಟ್ ಅದರ ಪಟ್ಟಿಯನ್ನು 1809ರಲ್ಲೇ ಅಚ್ಚು ಹಾಕಿಸಿದರು. ಪಟ್ಟಿ ಇದೆ, ಪುಸ್ತಕಗಳಲ್ಲಿ ಬಹಳಷ್ಟು ಇವತ್ತಿಗೂ ಇವೆ.

ಓದುವವರು ಬೇಕಲ್ಲ? ಟಿಪ್ಪು ಬಗ್ಗೆ, ಆದಿಲ್‌ಶಾಹಿಗಳ ಬಗ್ಗೆ ಪ್ರತಿವರ್ಷ ಬೀದಿಯಲ್ಲಿ ಜಗಳ ಆಗುತ್ತದೆ. ಪರ, ವಿರೋಧ ಎರಡೂ ಕಡೆ ಮೂಲ ದಾಖಲೆ ಓದಬಲ್ಲವರು ಬೆರಳೆಣಿಕೆಯಷ್ಟು. ಕನ್ನಡ ಬಲ್ಲ ವಿದ್ಯಾರ್ಥಿಯೊಬ್ಬ ಪರ್ಷಿಯನ್ ಕಲಿತು, ಐದಾರು ವರ್ಷ ಹಸ್ತಪ್ರತಿಗಳ ಮುಂದೆ ಕೂತರೆ ಈ ಜಗಳಗಳಲ್ಲಿ ಅರ್ಧದಷ್ಟು ಸುಳ್ಳು ಉದುರಿ ಬೀಳುತ್ತದೆ. ಆ ಐದಾರು ವರ್ಷ ಅವನ ಊಟ, ಬಾಡಿಗೆ ನೋಡಿಕೊಳ್ಳುವವರು ಯಾರು, ಓದು ಮುಗಿದ ಮೇಲೆ ಅವನ ಹೆಸರು, ಜಾತಿ, ಧರ್ಮ ಕೇಳದೆ ಕೆಲಸ ಕೊಡುವವರು ಯಾರು ಅನ್ನುವುದೇ ಪ್ರಶ್ನೆ.

ಎಟ್ವೆಶ್ ಕೊಟ್ಟ ವಿದ್ಯಾರ್ಥಿವೇತನ ದೊಡ್ಡ ಮೊತ್ತವೇನೂ ಆಗಿರಲಿಲ್ಲ. ಅದರಿಂದ ಜಗತ್ತಿಗೆ ಒಬ್ಬ ಗೋಲ್ಡ್‌ಜಿಹರ್ ಸಿಕ್ಕರು. ಆಮೇಲೆ ಬಂದವರು ಹುದ್ದೆ ಕೊಡಲು ಮೂವತ್ತು ವರ್ಷ ಸತಾಯಿಸಿದರು. ಆ ಮೂವತ್ತು ವರ್ಷದಲ್ಲಿ ಅವರು ಇನ್ನೇನೇನು ಬರೆಯಬಹುದಿತ್ತು, ಎಷ್ಟು ವಿದ್ಯಾರ್ಥಿಗಳನ್ನು ತಯಾರು ಮಾಡಬಹುದಿತ್ತು ಎಂಬ ಲೆಕ್ಕ ಯಾರ ಬಳಿಯೂ ಇಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಭಾಷಾ ಪೀಠಗಳು ಖಾಲಿ ಬಿದ್ದಿರುವಾಗ, ಸಂಶೋಧನಾ ವಿದ್ಯಾರ್ಥಿಯ ಸ್ಟೈಪೆಂಡ್ ತಿಂಗಳುಗಟ್ಟಲೆ ತಡವಾಗುವಾಗ ನಾವು ಕಳೆದುಕೊಳ್ಳುತ್ತಿರುವುದೂ ಅಂಥದ್ದನ್ನೇ.